ಮೆಲ್ಗೆ, ಒಳ್ಗೆ, ಹೊರ್ಗೆ, ಬಿಡು

ಗುರುಕಿರಣನ ಬಾಯಿ ಕಟ್ಟಿಹೋಗಿದೆ ಎಂಬುದು ಮೊದಲು ಗೊತ್ತಾದದ್ದು ಅವನ ಹೆಂಡತಿ ಪ್ರಭಾಳಿಗೆ. ಮಿಲ್ಪಿಟಾಸಿನ ಮನೆಯಲ್ಲಿ ಅವನು ಎಂದಿನಂತೆಯೇ ಇದ್ದ. ಸಾರಿಗೆ ಉಪ್ಪು ಸಾಲದು ಎನ್ನುತ್ತಿದ್ದ, ಫ್ರೀವೇಯ ಟ್ರಾಫಿಕ್ಕನ್ನು ಬಯ್ಯುತ್ತಿದ್ದ, ಮಗಳು ಹರ್ಷಿತಾಳನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಬಾಯಿ ಕಟ್ಟುತ್ತಿದ್ದುದು ಭಾನುವಾರ, ಬೇಸ್‌ಬಾಲ್ ಮೈದಾನದಲ್ಲಿ, ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿಕೊಂಡು ಬ್ಯಾಟುಗಾರನ ಹಿಂದೆ ಕುಕ್ಕರಗಾಲಲ್ಲಿ ಕುಳಿತಾಗ.

ಮಂಡ್ಯದಲ್ಲಿ ಓದುವಾಗ ಅವನು ಕಾಲೇಜು ತಂಡದ ವಿಕೆಟ್‌ಕೀಪರ್. ವಿಕೆಟ್ಟಿನ ಹಿಂದೆ ನಿಂತವನು ಸುಮ್ಮನಿರಬಾರದು ಎಂಬುದು ಅವನ ಧರ್ಮ. ಬೌಲರನ್ನು ಹುರಿದುಂಬಿಸುತ್ತ, ಬ್ಯಾಟುಗಾರನನ್ನು ಕೆಣಕುತ್ತ, ತನ್ನಷ್ಟಕ್ಕೆ ತಾನೇ ಗೊಣಗುತ್ತ ಇಡೀ ದಿನ ಕಳೆಯುತ್ತಿದ್ದ. ಸಾಂಟಾ ಕ್ಲಾರಾದ ಚಿಪ್ ಕಂಪನಿಯೊಂದಕ್ಕೆ ಕೆಲಸಕ್ಕೆ ಬಂದಾಗ ಅಲ್ಲಿನ ಉದ್ಯೋಗಿಗಳದ್ದೇ ಒಂದು ಬೇಸ್‌ಬಾಲ್ ತಂಡವಿತ್ತು, ಹೆರಾನ್ಸ್ ಅಂತ. ಕಂಪನಿ ಕಂಪನಿಗಳ ನಡುವೆ ಭಾನುವಾರದ ಲೀಗು. ಅವರ ಕ್ಯಾಚರ್ ಮೊಣಕಾಲು ಉಳುಕಿಸಿಕೊಂಡಿದ್ದ. ಕ್ಯಾಚರ್ ಎಂದರೆ ಇವರ ವಿಕೆಟ್‌ಕೀಪರ್ ತಾನೆ, ನಾನು ಕೂರ್ತೀನಿ ಎಂದು ಗುರುಕಿರಣ ಹೋದ. ಮೊದಲ ದಿನ ಚೆಂಡು ಹೊಡೆದವನು ಬ್ಯಾಟನ್ನು ಬಿಸಾಡದೆ ಅದನ್ನೂ ಹೊತ್ತುಕೊಂಡೇ ಓಡಿದ್ದಕ್ಕೆ ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು. ಆದರೆ ಹಿಂದೆ ಕುಳಿತು ಅವನು ಹಿಡಿದ ಚೆಂಡುಗಳನ್ನು ನೋಡಿ ಯಾರೂ ನಗಲಿಲ್ಲ.

ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವ ಪಿಚರ್ ತನ್ನ ಇಷ್ಟದಂತೆ ಎಸೆಯುವುದಿಲ್ಲ. ಯಾವ ಚೆಂಡು ಬೇಕೆಂದು ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ ಹೇಳುತ್ತಾನೆ. ಹೆರಾನ್ಸಿನ ಪಿಚರ್ ರೂಬೆನ್. ಟೆಸ್ಟಿಂಗ್ ಲ್ಯಾಬಿನಲ್ಲಿ ಕೆಲಸ, ಎಡಗೈ, ಮೀಸೆಯ ಮೇಲೆ ಬಹಳ ಪ್ರೀತಿ. ದೂರದ್ದು ಕಾಣಿಸುತ್ತಿರಲಿಲ್ಲ, ಕನ್ನಡಕ ಹಾಕಿದರೆ ಮುಖದ ಅಂದ ಕೆಡುತ್ತದೆ ಎಂದು ಹಾಕುತ್ತಲೂ ಇರಲಿಲ್ಲ. ಒಂದು ಭಾನುವಾರ ಬೆರಳು ತೋರಿಸಿ ತೋರಿಸಿ ಸಾಕಾಗಿ ಗುರುಕಿರಣ, ಮಂಡ್ಯದ ಬೌಲರಿಗೆ ಹೇಳುವಂತೆ ಕೂಗಿಯೇಬಿಟ್ಟ: "ಮೆಲ್ಗೆ ಹಾಕಪ್ಪಾ, ಮೆಲ್ಗೆ!" ಅಂಗೈಯಿಂದ ಗಾಳಿಯನ್ನು ಕೆಳಗೆ ಒತ್ತಿಯೂ ತೋರಿಸಿದ. ರೂಬೆನ್‌ಗೆ ಅರ್ಥವಾಯಿತು. ಚೆಂಡು ಆಕಳಿಸುತ್ತ ಬಂದಂತೆ ಬಂತು. ಬ್ಯಾಟುಗಾರ ಗಾಳಿ ಹೊಡೆದ.

ಅಲ್ಲಿಂದ ಶುರುವಾಯಿತು. ಮೆಲ್ಗೆ ಎಂದರೆ ನಿಧಾನದ ಚೆಂಡು. ಒಳ್ಗೆ ಎಂದರೆ ಬ್ಯಾಟುಗಾರನ ಎದೆಯ ಕಡೆಗೆ. ಹೊರ್ಗೆ ಎಂದರೆ ಆಚೆಗೆ. ಬಿಡು ಎಂದರೆ ಇದ್ದಬದ್ದ ವೇಗವೆಲ್ಲ. ನಾಲ್ಕೇ ಮಾತು. ಎದುರು ತಂಡದವರಿಗೆ ಏನೇನೂ ಹೊಳೆಯಲಿಲ್ಲ. ಒಬ್ಬ ಬ್ಯಾಟುಗಾರನಂತೂ ಈತ ಹಿಂದಿನಿಂದ ಏನೋ ಮಂತ್ರ ಹಾಕ್ತಿದ್ದಾನೆ ಎಂದು ಅಂಪೈರಿಗೆ ದೂರು ಕೊಟ್ಟ. ಮೂರು ಬೇಸಿಗೆ ಹೀಗೆ ಹೋಯಿತು. ಪ್ರಭಾ ಪ್ರತಿ ಭಾನುವಾರ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಕಲಸಿಕೊಂಡು ಹೋಗಿ ಬೇಲಿಯ ಪಕ್ಕದ ಮರದ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಆಟದ ಲೆಕ್ಕ ಅವಳಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ಎತ್ತರಕ್ಕೆ ಹೊಡೆದ ಚೆಂಡು, ಹುಲ್ಲು ಒಣಗಿ ಹೊನ್ನಾದ ಗುಡ್ಡಗಳ ಮೇಲಿನ ನೀಲಿಯಲ್ಲಿ, ಬೀಳುವುದನ್ನೇ ಮರೆತಂತೆ ಒಂದು ಗಳಿಗೆ ನಿಂತುಬಿಡುತ್ತಿತ್ತಲ್ಲ, ಆಗ ಅವಳ ಉಸಿರೂ ಅಲ್ಲೇ ನಿಲ್ಲುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ.

ಎರಡು ಸಾವಿರದ ಒಂದರ ವಸಂತದಲ್ಲಿ ಗಾಳಿ ತಿರುಗಿತು. ಗುರುಕಿರಣನ ವಿಭಾಗವನ್ನೇ ಕಂಪನಿ ಮುಚ್ಚಿತು. ಅವನ ಪುಣ್ಯ, ಫಾಸ್ಟರ್ ಸಿಟಿಯಲ್ಲಿ ಬೇರೆ ಕೆಲಸ ಬೇಗ ಸಿಕ್ಕಿತು. ಆದರೆ ಲೀಗಿನ ನಿಯಮ ಖಡಾಖಂಡಿತ: ಯಾವ ಕಂಪನಿಯ ಸಂಬಳವೋ ಆ ಕಂಪನಿಯ ತಂಡ. ಹೊಸ ಕಂಪನಿಯ ತಂಡದ ಹೆಸರು ಟೈಡ್ಸ್.

"ಬಟ್ಟೆ ಒಗೆಯೋ ಪೌಡರ್ ಹೆಸ್ರಲ್ವೇನ್ರೀ ಅದು?" ಎಂದಿದ್ದಳು ಪ್ರಭಾ, ಹಸಿರು ಜೆರ್ಸಿಯನ್ನು ಮಡಿಸುತ್ತ.

"ಉಬ್ಬರ ಕಣೇ, ಸಮುದ್ರದ ಉಬ್ಬರ. ಅವ್ರ ಆಫೀಸ್ ಮುಂದೆ ನೀರೈತಲ್ಲ, ಅದ್ಕೆ," ಎಂದ. ನಗಲಿಲ್ಲ.

ಆ ಜೆರ್ಸಿಯ ಒಳಗೆ ಅವನು ಹೆರಾನ್ಸಿನ ಹಳೆಯ ಬೂದು ಬನಿಯನ್ನೇ ಹಾಕುತ್ತಿದ್ದ. ಬೆವರು ಚೆನ್ನಾಗಿ ಹೀರುತ್ತೆ ಎನ್ನುತ್ತಿದ್ದ. ಸೋಮವಾರ ಬೆಳಗ್ಗೆ ಕಾಫಿ ಕುಡಿಯುತ್ತ, "ನಮ್ಮೋರು ನೆನ್ನೆ ಗೆದ್ರಂತೆ" ಎನ್ನುತ್ತಿದ್ದ. ಅವನ ತಂಡ ಹಿಂದಿನ ದಿನ ಸೋತದ್ದನ್ನು ಪ್ರಭಾ ಕಣ್ಣಾರೆ ನೋಡಿರುತ್ತಿದ್ದಳು. ಒಂದು ಕ್ಷಣದ ಮೇಲೆ ಅವಳಿಗೆ ತಿಳಿಯುತ್ತಿತ್ತು, ನಮ್ಮೋರು ಎಂದರೆ ಹೆರಾನ್ಸ್.

ಹಸಿರು ಜೆರ್ಸಿಯಲ್ಲಿ ಅವನು ಬೆರಳು ತೋರಿಸುತ್ತಿದ್ದ, ಚೆಂಡು ಹಿಡಿಯುತ್ತಿದ್ದ, ತಿರುಗಿ ಎಸೆಯುತ್ತಿದ್ದ. ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಟೈಡ್ಸಿನ ಪಿಚರೂ ನಾಯಕನೂ ಆದ ಡ್ಯಾನ್ ಒಳ್ಳೆಯವನು, ಉದ್ದಕ್ಕೆ ಕೊಕ್ಕರೆಯಂತಿದ್ದ. ಒಮ್ಮೆ ಪ್ರಭಾಳ ಹತ್ತಿರವೇ ಬಂದು ಕೇಳಿದ: "ಇವನು ಆಟದುದ್ದಕ್ಕೂ ಮಾತಾಡುತ್ತಾನೆ ಅಂತ ಲೀಗೆಲ್ಲ ಹೇಳುತ್ತೆ. ನಮ್ಮ ಜೊತೆ ಯಾಕಿಲ್ಲ? ನಾವೇನಾದರೂ ತಪ್ಪು ಮಾಡಿದೆವಾ?" ಪ್ರಭಾಳಿಗೆ ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಗೊತ್ತಿರಲಿಲ್ಲ. ಅವನಿಗೆ ಒಂದು ತುತ್ತು ಚಿತ್ರಾನ್ನ ಕೊಟ್ಟು ಕಳಿಸಿದಳು.

ಆಗಸ್ಟಿನಲ್ಲಿ ಟೈಡ್ಸ್ ಹೆರಾನ್ಸ್ ವಿರುದ್ಧವೇ ಆಡುವುದಾಯಿತು. ಗೆದ್ದವರಿಗೆ ಫೈನಲ್. ಸಾಂಟಾ ಕ್ಲಾರಾದ ಅದೇ ಮೈದಾನ, ಅದೇ ಮರದ ಮೆಟ್ಟಿಲು. ದಾರಿಯುದ್ದಕ್ಕೂ ಖಾಲಿ ಕಟ್ಟಡಗಳ ಮುಂದೆ ಬಾಡಿಗೆಗಿದೆ ಎಂಬ ಬೋರ್ಡುಗಳು. ಕಾರು ನಿಲ್ಲಿಸಿ ಇಳಿದವನ ಕಾಲು ತಾನಾಗಿ ಹೆರಾನ್ಸಿನವರು ಕೂರುವ ಕಡೆಗೆ ನಡೆಯಿತು. ಅರ್ಧ ದಾರಿಗೆ ಹೋಗಿ ತಿರುಗಿದ.

ನಡಿಗೆಯಿಂದಲೇ ಗುರುತು ಹಿಡಿದು ರೂಬೆನ್ ದೂರದಿಂದ ಕೈ ಬೀಸಿದ. "ಏನ್ ಗುರು!" ಅಷ್ಟು ಕನ್ನಡ ಅವನಿಗೆ ಯಾರ ಸಹಾಯವಿಲ್ಲದೆ ಬರುತ್ತಿತ್ತು.

ಮೊದಲು ಟೈಡ್ಸಿನ ಬ್ಯಾಟಿಂಗು. ರೂಬೆನ್ ಚೆಂಡು ಹಿಡಿದು ನಿಂತ. ಅವನೆದುರು ಕುಕ್ಕರಗಾಲಲ್ಲಿ ಕುಳಿತಿದ್ದ ಹೊಸ ಕ್ಯಾಚರ್ ವಿಯೆಟ್ನಾಮಿನ ಕಡೆಯವನು, ವಿನ್ ಅಂತ. ಗುರುಕಿರಣ ಹೋದಮೇಲೆ ಕಂಪನಿಗೆ ಸೇರಿದವನು, ಗುರುಕಿರಣನನ್ನು ಕಂಡವನಲ್ಲ. ಪ್ರಭಾ ಹರ್ಷಿತಾಳ ಶೂ ಲೇಸು ಕಟ್ಟುತ್ತಿದ್ದಳು. ಆಗ ಕೇಳಿಸಿತು.

"ಮೆಲ್ಗೇ... ರೂಬೆನ್, ಮೆಲ್ಗೇ!"

ಪ್ರಭಾಳ ಕೈ ಲೇಸಿನ ಮೇಲೆಯೇ ನಿಂತಿತು. ತಲೆಯೆತ್ತಿ ನೋಡಿದಳು. ಗುರುಕಿರಣ ಟೈಡ್ಸಿನ ಬೆಂಚಿನ ಮೇಲೆ ಬಾಯಿ ಮುಚ್ಚಿ ಕುಳಿತಿದ್ದ. ಕೂಗಿದ್ದು ವಿನ್. ನಾಲಗೆ ಸ್ವಲ್ಪ ತೊಡರುತ್ತಿತ್ತು, ರಾಗ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿತ್ತು, ಆದರೂ ಅದು ಕನ್ನಡವೇ. "ಒಲ್ಗೇ!" ಎಂದ ಮತ್ತೆ. ಚೆಂಡು ಒಳಗೇ ಬಂತು. "ಬಿಡೂ!" ಚೆಂಡು ಸುಯ್ಯೆಂದಿತು. ಟೈಡ್ಸಿನ ಮೊದಲ ಬ್ಯಾಟುಗಾರ ಬಂದ ದಾರಿಯಲ್ಲೇ ಹೋದ.

"ಅಮ್ಮಾ, ದಟ್ ಗೈ ನೋಸ್ ಕನ್ನಡ!" ಎಂದಳು ಹರ್ಷಿತಾ.

"ಹೂಂ ಕಣೇ ಪುಟ್ಟಿ." ಪ್ರಭಾಳ ತೋಳಿನ ರೋಮವೆಲ್ಲ ಎದ್ದು ನಿಂತಿತ್ತು. ಹೇಳಿಕೊಟ್ಟವನು ಹೊರಟುಹೋಗಿದ್ದ. ಈ ಮೈದಾನದಲ್ಲಿ ಕನ್ನಡದವರು ಇನ್ನೊಬ್ಬರಿರಲಿಲ್ಲ. ಆದರೂ ನಾಲ್ಕು ಮಾತು ಇಲ್ಲೇ ಉಳಿದು, ಬಾಯಿಂದ ಬಾಯಿಗೆ ದಾಟಿ, ತಮ್ಮ ಪಾಡಿಗೆ ತಾವು ಬದುಕಿಕೊಂಡಿದ್ದವು. ಈಗ ಹೆರಾನ್ಸಿನವರಿಗೆ ಅದು ಕನ್ನಡ ಎಂಬುದೂ ಮರೆತಂತಿತ್ತು. ಅದು ಹೆರಾನ್ಸಿನ ಭಾಷೆಯಾಗಿತ್ತು, ಅಷ್ಟೆ. ಇಲ್ಲದಿದ್ದರೆ ಮಂಡ್ಯದವನ ಮುಂದೆ ಯಾರಾದರೂ ಗುಟ್ಟನ್ನು ಕನ್ನಡದಲ್ಲಿ ಕೂಗುತ್ತಾರೆಯೇ?

ಗುರುಕಿರಣನ ಸರದಿ ಬಂತು. ಬ್ಯಾಟು ಹಿಡಿದು ನಿಂತ. ವಿನ್ ಅವನ ಕಿವಿಯ ಹಿಂದೆಯೇ ಕೂಗಿದ: "ಹೊರ್ಗೇ!" ಹೊರಗಿನ ಚೆಂಡು ಬಂತು. ಗುರುಕಿರಣ ಅದು ಬರುವುದನ್ನೂ ಹೋಗುವುದನ್ನೂ ನೋಡುತ್ತ ನಿಂತ. ಮತ್ತೊಂದು ಬಂತು, ಇನ್ನೊಂದು. ಬ್ಯಾಟು ಅಲ್ಲಾಡಲಿಲ್ಲ. ಮೂರು ಚೆಂಡು ಹೀಗೆ ಬಿಟ್ಟರೂ, ಬೀಸಿ ತಪ್ಪಿದರೂ ಔಟು. ಔಟಾಗಿ ಬಂದ. ಮುಂದಿನ ಸರದಿಯಲ್ಲೂ ಹಾಗೇ ಆಯಿತು.

ಡ್ಯಾನ್ ಪೆದ್ದನಲ್ಲ. ಬೆಂಚಿನ ಹತ್ತಿರ ಗುರುಕಿರಣನನ್ನು ತಡೆದು ಏನೋ ಕೇಳಿದ. ಇವನು ನೆಲ ನೋಡಿದ. ಡ್ಯಾನ್ ಮತ್ತೆ ಕೇಳಿದ, ಈ ಸಲ ಜೋರಾಗಿ. ಗುರುಕಿರಣ ನೀರು ಕುಡಿಯುವ ನೆಪದಲ್ಲಿ ಬೇಲಿಯ ಹತ್ತಿರ ಬಂದ. ಪ್ರಭಾ ಬಾಟಲಿ ದಾಟಿಸಿದಳು.

"ಕೇಳಿಸ್ತಾ?" ಎಂದ.

"ಕಿವಿ ಇದೆಯಲ್ಲ ನಂಗೂ."

"ಅವ್ನು ನನ್ ಥರಾನೇ ಕೂಗ್ತಾನೆ ಕಣೇ. ಕೊನೇಲಿ ಎಳೀತಾನೆ ನೋಡು. ನಾನೂ ಎಳೀತಿದ್ನಾ?"

"ಎಳೀತಿದ್ರಿ. ದನ ಕರ್ದಂಗೆ."

ಅವನಿಗೆ ನಗು ಬರಬೇಕಿತ್ತು. ಕಣ್ಣು ತುಂಬಿತು. "ಡ್ಯಾನ್ ಕೇಳ್ತಾವ್ನೆ, ಅವ್ರೇನ್ ಹೇಳ್ತಾವ್ರೆ ಅಂತ. ನೀನು ಯಾರ ಕಡೆ ಅಂತಾನೂ ಕೇಳ್ದ. ನಾಕು ಮಾತು ಹೇಳ್ಬಿಟ್ರೆ ಮ್ಯಾಚು ಮುಗ್ದೋಯ್ತದೆ. ಸನ್ನೆ ಕದಿಯೋದು ಈ ಆಟದಲ್ಲಿ ತಪ್ಪಲ್ಲ ಕೂಡ. ಆದ್ರೆ ಹೆಂಗ್ ಹೇಳ್ಲಿ? ನಾನೇ ಕಲ್ಸಿದ್ದು."

"ಹೇಳ್ದೇ ಇದ್ರೆ?"

"ಹೇಳ್ದೇ ಇದ್ರೆ ಇವ್ರಿಗೆ ದ್ರೋಹ. ಇನ್ನು ಯಾವ ಮುಖ ಇಟ್ಕೊಂಡು ಇವ್ರ ಜೊತೆ ಆಡ್ಲಿ?"

ಪ್ರಭಾ ಬೇಲಿಗೆ ಹತ್ತಿರ ಸರಿದಳು. ಅವನ ಗಲ್ಲಕ್ಕೆ ಅಂಟಿದ್ದ ಮಣ್ಣನ್ನು ಬೇಲಿಯ ಸಂದಿಯಿಂದ ಬೆರಳು ತೂರಿಸಿ ಒರೆಸಿದಳು. "ಯಾರ್ದೂ ಕದೀದೆ ಆಡೋಕಾಗಲ್ವೇನ್ರೀ?" ಎಂದಳು.

ಅವನು ಬಾಟಲಿಯ ಮುಚ್ಚಳ ಬಿಗಿಸಿ ವಾಪಸ್ ಕೊಟ್ಟ. ಆಮೇಲೆ ಹೋದ.

ಟೈಡ್ಸಿನ ಕೊನೆಯ ಸರದಿ ಬರುವ ಹೊತ್ತಿಗೆ ಹೆರಾನ್ಸ್ ಒಂದು ರನ್ ಮುಂದಿತ್ತು. ಟೈಡ್ಸಿನ ಇಬ್ಬರು ರನ್ ಓಡುವ ದಾರಿಯ ನಡುವಿನ ಬೇಸುಗಳ ಮೇಲೆ ನಿಂತಿದ್ದರು. ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಮುಗಿಯಿತು. ಬ್ಯಾಟು ಹಿಡಿದು ಬಂದವನು ಗುರುಕಿರಣ. ಅವನು ನಿಂತ ಜಾಗದಿಂದ ಕೈಯೆತ್ತಿ ಅಂಪೈರನ್ನು ತಡೆದ. ವಿನ್ ಕಡೆಗೆ ಬಗ್ಗಿದ. ಬೇಲಿ ಹತ್ತಿರವೇ ಇದ್ದುದರಿಂದ ಪ್ರಭಾಳಿಗೆ ಪ್ರತಿ ಮಾತೂ ಕೇಳಿಸಿತು.

"ನೋಡಪ್ಪ, ನೀನು ಕೂಗುವುದು ನನಗೆ ಅರ್ಥವಾಗುತ್ತೆ," ಎಂದ ಇಂಗ್ಲಿಷಿನಲ್ಲಿ. "ಅದು ನನ್ನ ಮನೆ ಭಾಷೆ. ನನಗೆ ಎಸೆಯುವಾಗ ಬೆರಳು ತೋರಿಸು."

ವಿನ್ ಜಾಲರಿಯನ್ನು ಹಣೆಗೆ ಸರಿಸಿ ಅವನನ್ನು ನೋಡಿದ. ಆಮೇಲೆ ಜೆರ್ಸಿಯ ಹಿಂದಿದ್ದ ಹೆಸರು ನೋಡಿದ. "ಆ ಗುರು ನೀನಾ?" ಎಂದ. ಧ್ವನಿ ಸಣ್ಣದಾಗಿತ್ತು.

ಟೈಡ್ಸಿನ ಬೆಂಚಿನ ಬಳಿ ಡ್ಯಾನ್ ಎರಡೂ ಕೈ ತಲೆಯ ಮೇಲೆ ಹೊತ್ತುಕೊಂಡ. ಅಲ್ಲಿ ಚೆಂಡೆಸೆಯುವ ದಿಬ್ಬದ ಮೇಲೆ ರೂಬೆನ್‌ಗೆ ಆಗ ಹೊಳೆಯಿತು. ಕೈಗವಸಿನಿಂದ ಹಣೆ ಚಚ್ಚಿಕೊಂಡ. ಬೆಳಗಿನಿಂದ ಮಂಡ್ಯದವನ ಮುಂದೆ ಕನ್ನಡದಲ್ಲಿ ಗುಟ್ಟು ಹೇಳಿಸಿಕೊಂಡಿದ್ದೇನೆ, ಇವನು ಎಲ್ಲ ತಿಳಿದೂ ಎರಡು ಸಲ ಬ್ಯಾಟು ಬೀಸದೆ ಔಟಾಗಿ ಹೋಗಿದ್ದಾನೆ! ರೂಬೆನ್ ನಗುತ್ತ ನಗುತ್ತ ಬಗ್ಗಿದ. ಎದ್ದಾಗ ನಗು ಹೋಗಿತ್ತು. ಟೋಪಿ ತೆಗೆದು ಒಂದು ಕ್ಷಣ ಎದೆಗೆ ಹಿಡಿದು ಮತ್ತೆ ಹಾಕಿಕೊಂಡ.

ವಿನ್ ಬೆರಳು ತೋರಿಸಿದ. ರೂಬೆನ್ ತಲೆಯಾಡಿಸಿದ, ಬೇಡ ಎಂದು. ಕಾಣಿಸಲಿಲ್ಲವೋ ಏನೋ. ಮೂರು ವರ್ಷ ಆ ಮಾತುಗಳನ್ನು ಕೇಳಿದವನೇ ಹೊರತು ತಾನು ಕೂಗಿದವನಲ್ಲ ರೂಬೆನ್. ಈಗ ದಿಬ್ಬದ ಮೇಲಿಂದ, ಮೈದಾನಕ್ಕೆಲ್ಲ ಕೇಳುವಂತೆ, ತಾನೇ ಕೂಗಿದ:

"ಗುರು! ಬಿಡು!"

ವೇಗದ ಚೆಂಡು ಎಸೀತೀನಿ, ತಗೋ, ಹೊಡಿ ನೋಡೋಣ. ಅವನು ಹೇಳಿದ್ದು ಅಷ್ಟೇ. ಅವನಿಗೆ ಆ ಪದದ ಇನ್ನೊಂದು ಅರ್ಥ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅಲ್ಲಿದ್ದ ಕನ್ನಡದ ಕಿವಿಗಳಿಗೆ ಎರಡೂ ಕೇಳಿಸಿದವು. ಪ್ರಭಾ ಹರ್ಷಿತಾಳ ಕೈ ಹಿಡಿದುಕೊಂಡಳು. ಗುರುಕಿರಣ ಕಲ್ಲಿನಂತೆ ನಿಂತಿದ್ದ. ಆಮೇಲೆ ಅವನ ಹೆಗಲು ಕೆಳಗಿಳಿಯಿತು. ಬಹಳ ಹೊತ್ತು ಹೊತ್ತಿದ್ದ ಮೂಟೆಯನ್ನು ಇಳಿಸಿದವರ ಹೆಗಲು ಇಳಿಯುತ್ತದಲ್ಲ, ಹಾಗೆ.

"ಬಾ ಮತ್ತೆ!" ಎಂದ.

ಚೆಂಡು ಬಂದದ್ದು ಪ್ರಭಾಳಿಗೆ ಕಾಣಿಸಲಿಲ್ಲ. ಠಣ್ ಎಂದದ್ದು ಮಾತ್ರ ಕೇಳಿಸಿತು. ಆಮೇಲೆ ಕಾಣಿಸಿತು, ಮೇಲೆ, ಬಹಳ ಮೇಲೆ, ಗುಡ್ಡದ ಅಂಚನ್ನೂ ದಾಟಿ ಬಿಳಿ ಚುಕ್ಕೆ. ಹೆರಾನ್ಸಿನವರೂ ಟೈಡ್ಸಿನವರೂ ಒಂದೇ ಸಮನೆ ಕತ್ತೆತ್ತಿ ನೋಡುತ್ತಿದ್ದರು. ಎಸೆದ ರೂಬೆನ್ ಸಹ ಬಾಯಿ ತೆರೆದು, ಹಕ್ಕಿ ನೋಡುವವನಂತೆ ನಿಂತಿದ್ದ. ಚೆಂಡು ಹಿಂದಿನ ಬೇಲಿಯ ಬುಡಕ್ಕೆ ಬಿದ್ದು ಉರುಳಿತು. ಟೈಡ್ಸಿನ ಇಬ್ಬರೂ ಓಡಿ ವಿನ್ ಮುಂದಿದ್ದ ಕೊನೆಯ ಬೇಸನ್ನು, ಅಂದರೆ ಮನೆಯನ್ನು, ಮುಟ್ಟಿದರು. ಎರಡು ರನ್. ಗುರುಕಿರಣ ಎರಡನೆಯ ಬೇಸಿನ ಮೇಲೆ ಮೊಣಕಾಲು ಹಿಡಿದು ಏದುಸಿರು ಬಿಡುತ್ತಿದ್ದ. ಮುಂದಿನವನು ಬೇಗನೆ ಔಟಾದ. ಹೆರಾನ್ಸಿಗೆ ಈಗ ಕೊನೆಯ ಸರದಿ ಉಳಿದಿತ್ತು, ಟೈಡ್ಸ್ ಒಂದೇ ಒಂದು ರನ್ ಮುಂದಿತ್ತು.

ಗುರುಕಿರಣ ಜಾಲರಿ ಹಾಕಿಕೊಂಡು ಬರುವಾಗ ಡ್ಯಾನ್ ಅಡ್ಡ ನಿಂತ. "ಯಾಕೆ ಹೇಳಿಬಿಟ್ಟೆ ಅವನಿಗೆ?" ಎಂದು ಕೇಳಿದ. ಸಿಟ್ಟು ಇನ್ನೂ ಇತ್ತು.

"ಕದ್ದು ಹೊಡೆದರೆ ನಾನು ಇನ್ನೂ ಅವರ ಮನೆಯಲ್ಲೇ ಇದ್ದ ಹಾಗೆ," ಎಂದ ಗುರುಕಿರಣ. "ಈಗ ಹೊರಗೆ ಬಂದೆ."

ಡ್ಯಾನ್ ಅವನ ಮುಖವನ್ನು ನೋಡಿದ, ಅರ್ಥವಾಯಿತೋ ಇಲ್ಲವೋ, ಚೆಂಡು ತೆಗೆದುಕೊಂಡು ದಿಬ್ಬಕ್ಕೆ ಹೋದ.

ಹೆರಾನ್ಸಿನ ಇಬ್ಬರು ಔಟಾದರು. ಅಷ್ಟರಲ್ಲಿ ವಿನ್ ಒಂದು ಚೆಂಡು ಹೊಡೆದು ಎರಡನೆಯ ಬೇಸಿಗೆ ಹೋಗಿ ನಿಂತ. ಅಲ್ಲಿ ನಿಂತವನಿಗೆ ಕ್ಯಾಚರನ ಬೆರಳು ನೇರವಾಗಿ ಕಾಣುತ್ತದೆ. ಬ್ಯಾಟುಗಾರನಿಗೆ ಸನ್ನೆ ಮಾಡಿ ಹೇಳಬಹುದು. ಬ್ಯಾಟು ಹಿಡಿದು ಬಂದವನು ರೂಬೆನ್. ಬೆರಳು ತೋರಿಸುವಂತಿಲ್ಲ. ಕೂಗೋಣವೆಂದರೆ ನಾಲ್ಕು ಮಾತೂ ರೂಬೆನ್‌ಗೆ ಅ ಆ ಇ ಈ ಇದ್ದಂತೆ.

ಗುರುಕಿರಣ ಎದ್ದು ದಿಬ್ಬಕ್ಕೆ ನಡೆದ. ಕೈಗವಸನ್ನು ಬಾಯಿಗೆ ಅಡ್ಡ ಹಿಡಿದು ಡ್ಯಾನ್‌ಗೆ ಏನೋ ಹೇಳಿದ. ಡ್ಯಾನ್ ಹುಬ್ಬು ಗಂಟಿಕ್ಕಿದ. ಇವನು ಮತ್ತೆ ಹೇಳಿದ, ಕೈಯಲ್ಲಿ ಏನನ್ನೋ ಉಂಡೆ ಕಟ್ಟಿ ತೋರಿಸಿದ, ನುಂಗಿ ತೋರಿಸಿದ. ಡ್ಯಾನ್‌ನ ತುಟಿ ಮೂರು ಮಾತುಗಳನ್ನು ಒಂದೊಂದಾಗಿ ಅಗಿಯಿತು. ತಲೆಯಾಡಿಸಿದ.

ಗುರುಕಿರಣ ಬಂದು ಕುಕ್ಕರಗಾಲಲ್ಲಿ ಕುಳಿತ. ರೂಬೆನ್ ಕಿವಿ ನಿಮಿರಿಸಿ ಕಾಯುತ್ತಿದ್ದ.

"ಮುದ್ದೇ... ಡ್ಯಾನೂ, ಮುದ್ದೇ!"

ಚೆಂಡು ನೆಟ್ಟಗೆ ಬಂದು, ರೂಬೆನ್‌ನ ಮುಂದೆ ಗುಳಕ್ಕನೆ ಗಂಟಲಿಗೆ ಇಳಿದ ಹಾಗೆ ಕೆಳಕ್ಕಿಳಿಯಿತು. ಬ್ಯಾಟು ಅದರ ಮೇಲೆ ಹಾದುಹೋಯಿತು. ಒಂದು.

ಪ್ರಭಾ ಎದ್ದು ನಿಂತಿದ್ದಳು. ಎಷ್ಟೋ ಭಾನುವಾರಗಳಾದ ಮೇಲೆ ಆ ದನ ಕರೆಯುವ ದನಿ!

"ಹಪ್ಪಳಾ! ಹಪ್ಪಳಾ ಕೊಡು ಡ್ಯಾನೂ, ಕಾಯ್ತಾ ಕುಂತವ್ರೆ ಇಲ್ಲಿ!"

ವೇಗದ ಚೆಂಡು ಚಟ್ಟೆಂದು ಕೈಗವಸಿಗೆ ಬಡಿಯಿತು. ಎರಡು.

"ಅಮ್ಮಾ, ವೈ ಈಸ್ ಡ್ಯಾಡಿ ಯೆಲ್ಲಿಂಗ್ ಫುಡ್?"

ಪ್ರಭಾಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೊರೆಸಿಕೊಳ್ಳಲೂ ಬಿಡುವಾಗಲಿಲ್ಲ. ನಾಲ್ಕು ಮಾತು ಹೆರಾನ್ಸಿನ ಬಳಿ ಉಳಿದವು, ಉಳಿಯಲಿ. ಅಷ್ಟನ್ನು ಕೊಟ್ಟು ಬಂದದ್ದರಿಂದ ಇವನೇನೂ ಬರಿದಾಗಿರಲಿಲ್ಲ. ಅಡುಗೆಮನೆಯ ಒಂದು ಮೂಲೆಗೆ ಕೈ ಹಾಕಿದರೇ ಇಷ್ಟು ಸಿಕ್ಕಿತು. ಇನ್ನು ಹಿತ್ತಲಿದೆ, ಗದ್ದೆಯಿದೆ, ಸಂತೆಯಿದೆ, ಬೈಗುಳಗಳೇ ಒಂದು ಲೋಕದಷ್ಟಿವೆ. ಇಷ್ಟು ದೊಡ್ಡದನ್ನು ನಾಲಗೆಯ ಮೇಲಿಟ್ಟುಕೊಂಡು ತಾನೂ ದಿನವೂ ಬರೀ ಹಾಲು ಮೊಸರು ಎನ್ನುತ್ತ ಓಡಾಡುತ್ತಿದ್ದೇನಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು.

ರೂಬೆನ್ ಹಿಂತಿರುಗಿ ನೋಡಿದ. "ಇದು ಯಾವ ಭಾಷೆ ಗುರು?"

"ಅದೇ," ಎಂದ ಗುರುಕಿರಣ. "ಇದು ಮುಂದಿನ ಪಾಠ." ಆಮೇಲೆ ಡ್ಯಾನ್ ಕಡೆಗೆ ಎರಡೂ ಕೈ ಚಾಚಿ, ಮದುವೆಮನೆಯಲ್ಲಿ ಕೊನೆಯ ಪಂಕ್ತಿಯಲ್ಲಿ ಕುಳಿತವನಂತೆ ಕೂಗಿದ: "ಪಾಯ್ಸಾ! ಪಾಯ್ಸಾ ಬರ್ಲಿ!"

ಚೆಂಡು ಬಂತು, ನಿಧಾನವಾಗಿ, ಬಿಸಿಲನ್ನೆಲ್ಲ ಮೈಗೆ ಹಚ್ಚಿಕೊಂಡು, ತನಗೆ ಯಾವ ಅವಸರವೂ ಇಲ್ಲವೆಂಬಂತೆ. ರೂಬೆನ್‌ನ ಬ್ಯಾಟು ಅದು ಬರುವ ಮೊದಲೇ ಹೋಗಿಯಾಗಿತ್ತು. ಚೆಂಡು ಬಂದು ಗುರುಕಿರಣನ ಕೈಯಲ್ಲಿ ಕುಳಿತಿತು.

ಗುರುಕಿರಣ ಜಾಲರಿ ಕಿತ್ತೆಸೆದು ಡ್ಯಾನ್‌ನ ಕಡೆಗೆ ಓಡಿದ, ಓಡುತ್ತಲೂ ಏನೇನೋ ಕೂಗುತ್ತಿದ್ದ. ಹಸಿರು ಜೆರ್ಸಿಗಳೆಲ್ಲ ಅವನ ಮೇಲೆ ಬಿದ್ದವು. ರೂಬೆನ್ ಇನ್ನೂ ಬ್ಯಾಟು ಹಿಡಿದು ಅಲ್ಲೇ ನಿಂತಿದ್ದ. ಬೇಲಿಯ ಆಚೆಗಿದ್ದ ಪ್ರಭಾಳನ್ನು ಕಂಡು, ಸೋತ ನಗು ನಗುತ್ತ, "ಪಾ... ಪಾಯ್...?" ಎಂದು ತಡವರಿಸಿದ.

ಪ್ರಭಾ ತಿದ್ದಿ ಹೇಳಿಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ, ಇವನು ಈಗ ಎದುರು ತಂಡದವನಲ್ಲವೇ ಎನಿಸಿ, ಬಾಯಿ ಮುಚ್ಚಿಕೊಂಡು ಚಿತ್ರಾನ್ನದ ಡಬ್ಬಿಯನ್ನು ಅವನ ಕಡೆಗೆ ಚಾಚಿದಳು.